ಮ್ಯಾಕ್‌ಬೆತ್ ಪಾತ್ರವನ್ನು ಹಿಡಿಯುವ ಬಗೆ: ದೊಡ್ಡಾಟದ ಸಾರಥಿಯನ್ನು ಜೊತೆಗಿಟ್ಟುಕೊಂಡು

"ಮ್ಯಾಕ್‌ಬೆತ್ ಏಕೆ ಹಾಳಾದ?" ಎಂದು ಷೇಕ್ಸ್‌ಪಿಯರನ ಆ ನಾಟಕದ ನಾಯಕನ ಬಗ್ಗೆ ಕೇಳಿದರೆ ನಮ್ಮ ಬಳ್ಳಾರಿಯ ಕಾಲೇಜು ಹುಡುಗರು ತಡವಿಲ್ಲದೆ ಹೇಳುತ್ತಾರೆ: "ಅತಿಯಾಸೆ, ಸರ್." ಗತಿಗೇಡು ಎಂಬ ಉಳಿದರ್ಧವನ್ನು ಹಿಂದಿನ ಬೆಂಚಿನವನು ಸೇರಿಸುತ್ತಾನೆ. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅಂಕವೂ ಸಿಗುತ್ತದೆ. ಅದೇ ಹುಡುಗನಿಗೆ ಬಣ್ಣ ಹಚ್ಚಿ, ರಂಗದ ಮೇಲೆ ನಿಲ್ಲಿಸಿ, "ಈಗ ಅತಿಯಾಸೆಯನ್ನು ಮಾಡಿ ತೋರಿಸಪ್ಪ" ಎಂದರೆ ಹುಬ್ಬು ಗಂಟಿಕ್ಕುತ್ತಾನೆ, ಮುಷ್ಟಿ ಬಿಗಿಯುತ್ತಾನೆ. ನಾಟಕದ ಐದು ಅಂಕದುದ್ದಕ್ಕೂ ಅದೇ ಹುಬ್ಬು, ಅದೇ ಮುಷ್ಟಿ. ಇಂಥ ಒಂದು ಪ್ರದರ್ಶನವನ್ನು ನಾನೇ ಆಡಿಸಿದ್ದೇನೆ. ಮೂರನೆಯ ಅಂಕಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲಿನವರು ಒಗ್ಗರಣೆ ಮಿರ್ಚಿಗೆ ಎದ್ದು ಹೋಗಿದ್ದರು. ತಪ್ಪು ಹುಡುಗನದಲ್ಲ, ಹೇಳಿಕೊಟ್ಟ ನನ್ನದು.

ಆಮೇಲೆ ಬೇರೊಂದು ದಾರಿ ಹುಡುಕಿಕೊಂಡೆ. ನಾಟಕವನ್ನು ಪಠ್ಯವಾಗಿ ಓದುವವರಿಗೂ, ಊರಿನ ತಂಡ ಕಟ್ಟಿ ಆಡಬೇಕೆನ್ನುವವರಿಗೂ ಅದು ಒದಗುತ್ತದೆ. ಬೇಕಾಗುವ ಸಾಮಾನು ಹೆಚ್ಚಿಲ್ಲ. ನಾಟಕದ ಒಂದು ಪ್ರತಿ, ಕಿರಾಣಿ ಅಂಗಡಿಯವರು ಇಟ್ಟುಕೊಳ್ಳುವಂಥ ಉದ್ದನೆಯ ಲೆಕ್ಕದ ಪುಸ್ತಕ, ಮತ್ತು ನಮ್ಮ ಕಡೆಯ ಬಯಲಾಟವಾದ ದೊಡ್ಡಾಟವನ್ನು ಒಮ್ಮೆಯಾದರೂ ಬೆಳಗಿನವರೆಗೆ ಕುಳಿತು ನೋಡಿದ ಒಬ್ಬ ಗೆಳೆಯ. ಅವನೇ ನಿಮ್ಮ ಸಾರಥಿ, ಆಟದಲ್ಲಿ ಪಾತ್ರಗಳನ್ನು ಮಾತಾಡಿಸುವವನು.

ಮೊದಲು ಓದು, ಟಿಪ್ಪಣಿ ಆಮೇಲೆ

ನಾಟಕವನ್ನು ಒಂದೇ ಪಟ್ಟಿಗೆ ಓದಿ ಮುಗಿಸಿ. ಸುಮಾರು 2100 ಸಾಲುಗಳು, ಅಷ್ಟೆ. ಷೇಕ್ಸ್‌ಪಿಯರನ ದುರಂತ ನಾಟಕಗಳಲ್ಲೆಲ್ಲ ಇದೇ ಚಿಕ್ಕದು. ಹ್ಯಾಮ್ಲೆಟ್ ಇದರ ಎರಡರಷ್ಟಕ್ಕೆ ಹತ್ತಿರ. ಬೇಸಿಗೆಯ ಒಂದು ಮಧ್ಯಾಹ್ನ, ಹೊರಗೆ ಕಾಲಿಡಲಾಗದ ಹೊತ್ತಿನಲ್ಲಿ, ಇದನ್ನು ಓದಿ ಮುಗಿಸಬಹುದು. ಇಂಗ್ಲಿಷ್ ತೊಡಕಾದರೆ ಕನ್ನಡ ಅನುವಾದ ಹಿಡಿಯಿರಿ, ನಾಚಿಕೆ ಬೇಡ. ಎಂ.ಎಲ್. ಶ್ರೀಕಂಠೇಶಗೌಡರು 19ನೇ ಶತಮಾನ ಮುಗಿಯುವ ಮೊದಲೇ ಇದನ್ನು 'ಪ್ರತಾಪರುದ್ರದೇವ'ನನ್ನಾಗಿ ಮಾಡಿ ಕನ್ನಡಕ್ಕೆ ತಂದಿದ್ದರು.

ಇತಿಹಾಸವನ್ನು ಬೇಗ ದಾಟಿಬಿಡೋಣ. ನಿಜವಾದ ಮ್ಯಾಕ್‌ಬೆತ್ ಸ್ಕಾಟ್ಲೆಂಡಿನ ದೊರೆ. 1040ರಲ್ಲಿ ಅರಸ ಡಂಕನ್ ಯುದ್ಧದಲ್ಲಿ ಸತ್ತ ಮೇಲೆ ಪಟ್ಟವೇರಿ, 1057ರವರೆಗೆ, ಅಂದರೆ ಹದಿನೇಳು ವರ್ಷ ಆಳಿದವನು. ಷೇಕ್ಸ್‌ಪಿಯರ್ ಸುಮಾರು 1606ರಲ್ಲಿ ನಾಟಕ ಬರೆದಾಗ ಆ ಯುದ್ಧವನ್ನು ತೆಗೆದುಹಾಕಿ, ಮುದಿ ಅರಸನನ್ನು ಮ್ಯಾಕ್‌ಬೆತ್‌ನ ಮನೆಗೇ ಅತಿಥಿಯಾಗಿ ಕರೆತಂದ. ನಟನಿಗೆ ಬೇಕಾದದ್ದು ಈ ಒಂದು ಬದಲಾವಣೆ ಮಾತ್ರ. ರಣರಂಗದಲ್ಲಿ ಕೊಂದರೆ ವೀರ. ಉಂಡು ಮಲಗಿದ ಅತಿಥಿಯನ್ನು ಕೊಂದರೆ? ಬಂದವರಿಗೆ ಮೊದಲು ಚೊಂಬು ನೀರು ಕೊಟ್ಟು ಆಮೇಲೆ ಊರು ಕೇಳುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಅತಿಥಿಯ ದೃಶ್ಯಗಳನ್ನು ಮಾತ್ರ ನಿಧಾನವಾಗಿ ಓದಿ. ಡಂಕನ್ ಕೋಟೆಯ ಬಾಗಿಲಿಗೆ ಬಂದಾಗ ಎದುರುಗೊಳ್ಳಲು ಬರುವವಳು ಹೆಂಡತಿ. ಯಜಮಾನನಿಲ್ಲ. "ಎಲ್ಲಿ ಅವನು?" ಎಂದು ಅರಸನೇ ಕೇಳುತ್ತಾನೆ. ಮುಂದಿನ ದೃಶ್ಯದಲ್ಲಿ ಒಳಗೆ ಊಟ ನಡೆದಿದೆ. ಅರಸನ ಊಟ ಇನ್ನೂ ಮುಗಿದಿಲ್ಲ, ಯಜಮಾನ ಪಂಕ್ತಿ ಬಿಟ್ಟು ಎದ್ದು ಬಂದಿದ್ದಾನೆ. ಇನ್ನೂ ಕತ್ತಿ ಹಿರಿದಿಲ್ಲ. ಆದರೆ ಅತಿಥಿ ಉಣ್ಣುತ್ತಿರುವಾಗ ಎದುರು ಕೂರಲಾರದ ಮನುಷ್ಯ ಅವನು. ಇದನ್ನು ಪುಸ್ತಕದ ಮೂಲೆಯಲ್ಲಿ ಗುರುತು ಹಾಕಿಡಿ, ಮೂರನೆಯ ಅಂಕದಲ್ಲಿ ಮತ್ತೆ ಬೇಕಾಗುತ್ತದೆ.

ಲೆಕ್ಕದ ಪುಸ್ತಕ ತೆರೆಯಿರಿ

ಪುಟಕ್ಕೆ ಮೂರು ಗೀಟು ಎಳೆದು ನಾಲ್ಕು ಅಂಕಣ ಮಾಡಿ. ಯಾರನ್ನು ಕೊಂದ, ಯೋಚನೆ ಎಲ್ಲಿ ಹುಟ್ಟಿ ಕೈ ಎಲ್ಲಿ ಎದ್ದಿತು, ಯಾರೊಡನೆ ಮಾತಾಡಿದ, ಆಮೇಲೆ ಏನೆಂದ. ನಾಟಕದ ಕೊಲೆಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತ ಹೋಗಿ.

ಡಂಕನ್. ಯೋಚನೆ ಹುಟ್ಟುವುದು ಮೊದಲ ಅಂಕದ ಮೂರನೆಯ ದೃಶ್ಯದಲ್ಲಿ, ಅರಸನಾಗುವೆ ಎಂಬ ಮೂವರು ಮಾಟಗಾತಿಯರ ಭವಿಷ್ಯ ಕೇಳಿ ಮೈಕೂದಲು ನಿಮಿರಿ ನಿಂತಾಗ. ಕೈ ಏಳುವುದು ಎರಡನೆಯ ಅಂಕದಲ್ಲಿ. ನಡುವೆ ಕಾಗದ ಬರೆದಿದ್ದಾನೆ, ಹೆಂಡತಿಯೊಡನೆ ವಾದಿಸಿದ್ದಾನೆ, ಪಂಕ್ತಿ ಬಿಟ್ಟು ಎದ್ದು ಬಂದು ತನ್ನೊಳಗೇ ಮೊಕದ್ದಮೆ ನಡೆಸಿದ್ದಾನೆ. ಆ ಸ್ವಗತದಲ್ಲಿ ಅವನು ಹೂಡುವ ವಾದ ನೋಡಿ: ಅವನು ನನ್ನ ನೆಂಟ, ನನ್ನ ಅರಸ, ನನ್ನ ಅತಿಥಿ, ಮೇಲಾಗಿ ಸಾಧು ಮನುಷ್ಯ. ಕೊಲ್ಲಬಾರದು ಎನ್ನುವುದಕ್ಕೆ ನಾಲ್ಕು ಕಾರಣ ಎಣಿಸಿದ್ದಾನೆ. ಕೊಲ್ಲುವುದಕ್ಕೆ ಅವನ ಕೈಲಿ ಸಿಕ್ಕ ಕಾರಣ ಒಂದೇ, ಅದೇ ಮಹತ್ವಾಕಾಂಕ್ಷೆ; ಕುದುರೆ ಏರಲು ಹಾರಿ ಆಚೆ ಮಗ್ಗುಲಿಗೆ ಬೀಳುವಂಥದ್ದು ಎಂದು ಅದನ್ನೂ ಅವನೇ ಬೈಯುತ್ತಾನೆ. "ಇನ್ನು ಈ ವಿಷಯ ಬೇಡ" ಎಂದು ಹೆಂಡತಿಗೆ ಹೇಳಿಯೂ ಬಿಡುತ್ತಾನೆ. ಅಂದರೆ ಅತಿಯಾಸೆ ಎಂಬ ಉತ್ತರ ಅವನಿಗೆ ನಮಗಿಂತ ಮೊದಲೇ ಗೊತ್ತಿತ್ತು.

ಇಲ್ಲಿ ಒಂದು ಮಾತು. ಅರಿಸ್ಟಾಟಲ್ ಹೇಳುವ 'ಹಮಾರ್ಷಿಯಾ'ವನ್ನು ನಮ್ಮ ಗೈಡುಗಳು 'ದೋಷ' ಎಂದು ಬರೆದುಬಿಡುತ್ತವೆ, ಹುಟ್ಟಿನಿಂದ ಬಂದ ಮಚ್ಚೆಯೋ ಎಂಬಂತೆ. ಆ ಪದದ ಬೇರಿನಲ್ಲಿರುವುದು ಗುರಿ ತಪ್ಪುವುದು. ಬಾಣ ಬಿಟ್ಟವನು ಗುರಿಯನ್ನು ಕಂಡಿದ್ದಾನೆ, ಆದರೂ ತಪ್ಪಿದ್ದಾನೆ. ಮ್ಯಾಕ್‌ಬೆತ್‌ನಿಗೆ ಈ ಅರ್ಥವೇ ಒಪ್ಪುತ್ತದೆ.

ಎರಡನೆಯ ಸಾಲಿನಲ್ಲಿ ಯಾರನ್ನು ಬರೆದಿರಿ? ಅವನ ಜೊತೆಗಾರ ಸೇನಾನಿ ಬ್ಯಾಂಕೊ ಎಂದು ಬರೆದಿದ್ದರೆ ಹೊಡೆದುಹಾಕಿ. ನಡುವೆ ಇಬ್ಬರಿದ್ದಾರೆ: ಅರಸನ ಕೋಣೆಯ ಕಾವಲಿನ ಸೇವಕರು. ಅವರಿಗೆ ಕುಡಿಸಿ ಮಲಗಿಸಿ, ರಕ್ತ ಬಳಿದು, ತಪ್ಪನ್ನು ಅವರ ತಲೆಗೆ ಕಟ್ಟಬೇಕೆಂಬುದು ಗಂಡಹೆಂಡಿರ ಏರ್ಪಾಡು. ಅವರನ್ನು ಕೊಲ್ಲಬೇಕೆಂಬ ಮಾತು ಅದರಲ್ಲಿ ಇರಲಿಲ್ಲ. ಬೆಳಗ್ಗೆ ಕೊಲೆ ಬಯಲಾಗಿ ಎಲ್ಲರೂ ಅರಚುತ್ತಿರುವಾಗ ಮ್ಯಾಕ್‌ಬೆತ್ ಒಳಗೆ ಹೋಗಿ ಬರುತ್ತಾನೆ. ಬಂದು, ಕೋಪದಲ್ಲಿ ಅವರನ್ನು ಕೊಂದೆ ಎನ್ನುತ್ತಾನೆ. ಯೋಚನೆ ಎಲ್ಲಿ ಹುಟ್ಟಿತು? ರಂಗದ ಮೇಲೆ ಎಲ್ಲಿಯೂ ಇಲ್ಲ. ಯಾರನ್ನು ಕೇಳಿದ? ಯಾರನ್ನೂ ಇಲ್ಲ. ಎರಡು ಅಂಕಣ ಖಾಲಿ. ಅವನು ಆ ಕೊಲೆಯನ್ನು ಬಣ್ಣಕಟ್ಟಿ ವರ್ಣಿಸುವಾಗಲೇ ಹೆಂಡತಿ ಮೂರ್ಛೆ ಹೋಗುವುದು. ಅದು ನಟನೆಯೆಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನನ್ನು ಕೇಳದೆ ಮಾಡಿದ ಮೊದಲ ಕೊಲೆಯನ್ನು ಅವಳು ಅಲ್ಲಿ ಕಂಡಿದ್ದಾಳೆ.

ಈ ಇಬ್ಬರು ಸೇವಕರಿಗೆ ನಾಟಕದಲ್ಲಿ ಹೆಸರಿಲ್ಲ, ಮಾತಿಲ್ಲ, ಪರೀಕ್ಷೆಯಲ್ಲಿ ಅವರ ಮೇಲೆ ಪ್ರಶ್ನೆಯೂ ಬರುವುದಿಲ್ಲ. ಆದರೆ ಪತನದ ಕೀಲು ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಡಂಕನ್‌ನನ್ನು ಕೊಲ್ಲುವ ಮೊದಲು ಇಷ್ಟೆಲ್ಲ ತೂಗಿ ನೋಡಿದ ಮನುಷ್ಯ ಇವರನ್ನು ಕೊಲ್ಲುವ ಮೊದಲು ಒಂದು ಉಸಿರನ್ನೂ ಎಣಿಸಲಿಲ್ಲ. ಆಡುವಾಗ ಈ ಭಾಗವನ್ನು ಕತ್ತರಿಸಬೇಡಿ. ಒಂದು ಊರಿನ ತಂಡ ಸಮಯವಿಲ್ಲವೆಂದು ಇದನ್ನು ತೆಗೆದು, ಬದಲಿಗೆ ಮಾಟಗಾತಿಯರ ಕುಣಿತವನ್ನು ಹತ್ತು ನಿಮಿಷ ಎಳೆದಿತ್ತು. ಆ ದಿನ ನಾನೂ ಮಿರ್ಚಿಗೆ ಎದ್ದೆ.

ಮೂರನೆಯ ಸಾಲು ಬ್ಯಾಂಕೊ. ಈಗ ಮ್ಯಾಕ್‌ಬೆತ್‌ನ ಕೈಯಲ್ಲಿ ಕತ್ತಿಯಿಲ್ಲ, ಬಾಡಿಗೆಯ ಕೊಲೆಗಾರರಿದ್ದಾರೆ. ಅವರನ್ನು ಒಪ್ಪಿಸಲು ಬಳಸುವ ಮಾತು ಗಮನಿಸಿ: ನೀವೂ ಗಂಡಸರೇ ಅಲ್ಲವೇ? ಇದು ಅವನ ಸ್ವಂತ ಮಾತಲ್ಲ. ಮೊದಲ ಅಂಕದಲ್ಲಿ ಹೆಂಡತಿ ಅವನಿಗೆ ಚುಚ್ಚಿದ್ದು ಇದೇ ಮುಳ್ಳಿನಿಂದ. ಅವಳಿಂದ ಕಲಿತ ಪಾಠವನ್ನು ಬೇರೆಯವರಿಗೆ ಒಪ್ಪಿಸುತ್ತ, ಅವಳಿಗೆ ಮಾತ್ರ ವಿಷಯ ಮುಚ್ಚಿಡುತ್ತಾನೆ. ಮುಗಿದ ಮೇಲೆ ತಿಳಿದರೆ ಸಾಕು ನಿನಗೆ, ಎನ್ನುತ್ತಾನೆ. ಒಪ್ಪಿಸಿದ ಇಬ್ಬರ ಮೇಲೂ ನಂಬಿಕೆ ಸಾಲದೆ ಮೂರನೆಯವನೊಬ್ಬ ಬಂದು ಸೇರಿಕೊಳ್ಳುತ್ತಾನೆ.

ನಾಲ್ಕನೆಯದು ಅವನಿಗೆ ತಿರುಗಿಬಿದ್ದ ಪಾಳೆಯಗಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳು. ಅವರಿಂದ ಅವನಿಗೆ ಯಾವ ಅಪಾಯವೂ ಇಲ್ಲ, ಯಾವ ಲಾಭವೂ ಇಲ್ಲ. ಮ್ಯಾಕ್‌ಡಫ್ ಇಂಗ್ಲೆಂಡಿಗೆ ಓಡಿಹೋದ ಸುದ್ದಿ ಕಿವಿಗೆ ಬಿದ್ದ ಕ್ಷಣದಲ್ಲಿ, ನಿಂತಲ್ಲೇ ನಿಶ್ಚಯ. ಇನ್ನು ಮೇಲೆ ಮನಸ್ಸಿನ ಚೊಚ್ಚಲೇ ಕೈಯ ಚೊಚ್ಚಲಾಗಲಿ ಎಂಬ ಅರ್ಥದ ಮಾತನ್ನು ಅವನೇ ಆಡುತ್ತಾನೆ. ನಿಮ್ಮ ಪುಸ್ತಕದ ಎರಡನೆಯ ಅಂಕಣವನ್ನು ಈಗ ಮೇಲಿನಿಂದ ಕೆಳಗೆ ಓದಿ. ಮೊದಲ ಸಾಲಿನಲ್ಲಿ ಒಂದಿಡೀ ಅಂಕದಷ್ಟಿದ್ದ ಅಂತರ ಇಲ್ಲಿ ಒಂದು ವಾಕ್ಯಕ್ಕೆ ಇಳಿದಿದೆ. ನಟ ಆಡಬೇಕಾದದ್ದು ಈ ಅಂತರವನ್ನು. ಹುಬ್ಬಿಗೆ ಇದರಲ್ಲಿ ಕೆಲಸವಿಲ್ಲ.

ಸಾರಥಿ ಕೇಳಲಿ

ಈಗ ಸಾರಥಿಯನ್ನು ಕರೆಯಿರಿ. ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದು ಕುಣಿದು ನಿಂತ ಮೇಲೆ ಸಾರಥಿ ಸುಮ್ಮನೆ ಬಿಡುವುದಿಲ್ಲ. ತಾವು ಯಾರು, ಯಾವ ಪಟ್ಟಣದ ಅರಸರು, ಬಂದ ಕಾರ್ಯವೇನು? ಪಾತ್ರ ಮೀಸೆಯ ಮೇಲೆ ಕೈಯಿಟ್ಟು ಹೆಸರು, ಬಿರುದು, ಪರಾಕ್ರಮ ಎಲ್ಲವನ್ನೂ ಒಪ್ಪಿಸಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಇದನ್ನು ಕೇಳದೆ ಬೆಳೆದವರು ಕಡಿಮೆ.

ತಾಲೀಮಿನಲ್ಲಿ ಮ್ಯಾಕ್‌ಬೆತ್‌ನ ಪ್ರತಿ ಪ್ರವೇಶಕ್ಕೂ ಸಾರಥಿಯಿಂದ ಈ ಮೂರು ಪ್ರಶ್ನೆ ಕೇಳಿಸಿ. ಉತ್ತರವನ್ನು ನಟ ಸ್ವಂತ ಮಾತಿನಲ್ಲಿ ಹೇಳಬೇಕು, ಸುಳ್ಳು ಹೇಳುವಂತಿಲ್ಲ. ಮೊದಲ ಬಾರಿ ಸುಲಭ: "ಗ್ಲಾಮಿಸ್‌ನ ಪಾಳೆಯಗಾರ, ಯುದ್ಧ ಗೆದ್ದು ಮನೆಗೆ ಹೊರಟಿದ್ದೇನೆ." ಸ್ವಲ್ಪ ಹೊತ್ತಿಗೆ ಕಾಡರ್‌ನ ಪಾಳೆಯಗಾರಿಕೆಯೂ ಸೇರುತ್ತದೆ, ಎರವಲು ಅಂಗಿಯನ್ನು ನನಗೇಕೆ ತೊಡಿಸುತ್ತೀರಿ ಎಂದು ಅವನೇ ಕೇಳುವುದು ಇಲ್ಲಿ. ಎರಡನೆಯ ಅಂಕದಲ್ಲಿ, ಕೊಲೆ ಮಾಡಿ ಹೊರಗೆ ಬಂದಾಗ, ನಮ್ಮ ಹುಡುಗನೊಬ್ಬ ಸಾರಥಿಯ ಪ್ರಶ್ನೆಗೆ ಬಹಳ ಹೊತ್ತು ಸುಮ್ಮನೆ ನಿಂತು, "ಯಾರೆಂದು ನೆನಪಿಟ್ಟುಕೊಳ್ಳದಿದ್ದರೆ ಒಳ್ಳೆಯದು" ಎಂದ. ನಾಟಕದಲ್ಲೂ ಹೆಚ್ಚು ಕಡಿಮೆ ಅದೇ ಮಾತಿದೆ. ಆ ಹುಡುಗ ಆ ಪುಟವನ್ನು ಇನ್ನೂ ಓದಿರಲಿಲ್ಲವೆಂದು ಆಮೇಲೆ ತಿಳಿಯಿತು.

ಐದನೆಯ ಅಂಕಕ್ಕೆ ಬಂದಾಗ ಸಾರಥಿಯ ಅಗತ್ಯವೇ ಬೀಳುವುದಿಲ್ಲ. ಯುದ್ಧದ ನಡುವೆ ಎದುರಾದ, ಇಂಗ್ಲಿಷ್ ಸೇನಾಪತಿಯ ಮಗ ಎಳೆಯ ಸಿವರ್ಡ್ ನೇರವಾಗಿ ಕೇಳುತ್ತಾನೆ: ನಿನ್ನ ಹೆಸರೇನು? ಕೇಳಿದರೆ ಹೆದರುತ್ತೀಯ, ಎನ್ನುತ್ತಾನೆ ಮ್ಯಾಕ್‌ಬೆತ್. ಹೆಸರು ಹೇಳಿದಾಗ, ಸೈತಾನನೂ ಇದಕ್ಕಿಂತ ಅಸಹ್ಯವಾದ ಹೆಸರು ಹೇಳಲಾರ ಎಂದು ಆ ಹುಡುಗ ಉತ್ತರಿಸುತ್ತಾನೆ. ಬಿರುದಿಲ್ಲ, ಪಟ್ಟಣದ ಹೆಸರಿಲ್ಲ. ಬರಿಯ ಹೆಸರು, ಅದೂ ಬೈಗುಳದಂತೆ. ದೊಡ್ಡಾಟ ನೋಡಿದ ಪ್ರೇಕ್ಷಕರಿಗೆ ಈ ಒಂದು ದೃಶ್ಯ ಹತ್ತು ಸ್ವಗತಗಳ ಕೆಲಸ ಮಾಡುತ್ತದೆ.

ವೇಷದಲ್ಲೂ ಇದನ್ನು ತೋರಿಸಬಹುದು. ಐದನೆಯ ಅಂಕದಲ್ಲಿ ವೈರಿಗಳು ಅವನನ್ನು ದೈತ್ಯನ ನಿಲುವಂಗಿ ಕದ್ದು ತೊಟ್ಟ ಕುಳ್ಳನಿಗೆ ಹೋಲಿಸುತ್ತಾರೆ. ಬಾಡಿಗೆಗೆ ತಂದ ದೊಡ್ಡಾಟದ ಕಿರೀಟ, ಭುಜಕೀರ್ತಿ ಸಾಮಾನ್ಯವಾಗಿ ನಟನಿಗಿಂತ ಒಂದು ಅಳತೆ ದೊಡ್ಡದೇ ಇರುತ್ತದೆ. ಸರಿಪಡಿಸಬೇಡಿ. ಪಟ್ಟವಾದ ಮೇಲೆ ಆ ಕಿರೀಟ ಹಣೆಯ ಮೇಲೆ ಜಾರುತ್ತಿರಲಿ.

ಮೂವರು ಹೆಂಗಸರು, ಒಬ್ಬ ಹೆಂಡತಿ

ಎಲ್ಲ ತಪ್ಪನ್ನೂ ಮಾಟಗಾತಿಯರ ಮೇಲೆ ಹೊರಿಸುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಅವರ ಮಾತುಗಳನ್ನಷ್ಟೇ ಬೇರೆ ಹಾಳೆಯಲ್ಲಿ ಬರೆಸಿ. ಅರಸನಾಗುವೆ ಎಂದಿದ್ದಾರೆ, ಕೊಲ್ಲು ಎಂದು ಎಲ್ಲಿಯೂ ಹೇಳಿಲ್ಲ. ಅದೇ ಹೊತ್ತಿನಲ್ಲಿ ಬ್ಯಾಂಕೊ ಕೂಡ ಭವಿಷ್ಯ ಕೇಳಿದ್ದ. ಅವನಿಗೂ ಕೆಟ್ಟ ಯೋಚನೆ ಬರುತ್ತದೆ, ಕಣ್ಣು ಎಳೆದರೂ ಮಲಗಲು ಮನಸ್ಸಾಗುವುದಿಲ್ಲ. ಆ ಯೋಚನೆಗಳನ್ನು ತಡೆಯಿರೆಂದು ದೇವತೆಗಳನ್ನು ಬೇಡಿಕೊಳ್ಳುತ್ತಾನೆ. ಮಾಟಗಾತಿಯರಿಗೆ ಕೊರವಂಜಿಯ ವೇಷ ಹಾಕೋಣವೇ ಎಂದು ಕೇಳುವವರೂ ಇದ್ದಾರೆ. ನಾನು ಬೇಡವೆನ್ನುತ್ತೇನೆ. ಕಣಿ ಹೇಳುವವಳು ಕೈ ಹಿಡಿದು ನೋಡುತ್ತಾಳೆ, ಮೊರದ ತುಂಬ ಜೋಳ ಕೇಳುತ್ತಾಳೆ, ಮನೆಯವರ ಕಷ್ಟಸುಖ ಆಡುತ್ತಾಳೆ. ಈ ಮೂವರು ಏನನ್ನೂ ಕೇಳುವುದಿಲ್ಲ.

ಹೆಂಡತಿಯ ವಿಷಯದಲ್ಲಿ ನಿಮ್ಮ ಪುಸ್ತಕದ ಮೂರನೆಯ ಅಂಕಣ ನೋಡಿ. ಮೊದಲ ಅಂಕದ ಕಾಗದದಲ್ಲಿ ಅವಳು ಅವನ ಹಿರಿಮೆಯ ಪಾಲುದಾರಳು. ಕೊಲೆಯ ರಾತ್ರಿ ಇಬ್ಬರೂ ಕೈಗೆ ರಕ್ತ ಮಾಡಿಕೊಂಡಿದ್ದಾರೆ. ಕಡಲಿನ ನೀರೆಲ್ಲ ಸುರಿದರೂ ಇದು ಹೋಗದು ಎನ್ನುವವನು ಅವನು, ತುಸು ನೀರು ಸಾಕು ಎನ್ನುವವಳು ಅವಳು. ಐದನೆಯ ಅಂಕದಲ್ಲಿ ನಿದ್ದೆಯಲ್ಲಿ ಎದ್ದು ನಡೆಯುತ್ತ ಕೈ ಉಜ್ಜಿಕೊಳ್ಳುವವಳು ಅವಳೇ. ಅವನಿಗೋ ಈಗ ಭಯದ ರುಚಿಯೇ ಮರೆತುಹೋಗಿದೆ. ಇಬ್ಬರೂ ಮಾತು ಅದಲುಬದಲು ಮಾಡಿಕೊಂಡಿದ್ದಾರೆ, ಆದರೆ ಅದು ಪರಸ್ಪರ ತಿಳಿಯುವ ಮೊದಲೇ ಮಾತು ನಿಂತಿದೆ. ಅವಳು ಸತ್ತ ಸುದ್ದಿ ಬಂದಾಗ, ಇನ್ನೊಂದು ಹೊತ್ತಿನಲ್ಲಿ ಸಾಯಬಹುದಾಗಿತ್ತು ಎಂಬಂಥ ಒಂದು ಒಣ ಮಾತು. ಆಮೇಲೆ ಬರುವ ನಾಳೆ, ನಾಳೆ, ನಾಳೆ ಎಂಬ ಪ್ರಸಿದ್ಧ ಸಾಲುಗಳನ್ನು ನಮ್ಮ ನಟರು ಅಳುತ್ತ ಹೇಳುತ್ತಾರೆ. ಅಳು ಬಂದರೆ ಅವನು ಇನ್ನೂ ಉಳಿದಿದ್ದಾನೆ ಎಂದಾಯಿತು. ಬಾರದ ಅಳುವಿನ ಸಂಕಟವನ್ನು ಆಡಿಸಬೇಕು, ಅದು ಕಷ್ಟ.

ಹೇಗೆ ಕಷ್ಟವೆಂದು ತಿಳಿಯಲು ದುರ್ಯೋಧನನನ್ನು ಪಕ್ಕಕ್ಕೆ ನಿಲ್ಲಿಸಿ. ಇದು ನಮ್ಮೂರಿಗೆ ಹೊಸ ಕೆಲಸವಲ್ಲ. ವಕೀಲಿಕೆ ಮಾಡುತ್ತಲೇ ದುರ್ಯೋಧನನ ಪಾತ್ರದಿಂದ ಹೆಸರಾದ ಬಳ್ಳಾರಿ ರಾಘವರ ನೆನಪಿಗೆ ಇಲ್ಲಿ ರಂಗಮಂದಿರವೇ ಇದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನನ್ನು ಕಾಣುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿಗೂ ಕೈ ಮುಗಿಯುತ್ತಾನೆ, ದುಶ್ಶಾಸನನ ಮುಂದೆ, ಕರ್ಣನ ಮುಂದೆ ಕುಸಿಯುತ್ತಾನೆ. ಬಿ.ಎಂ.ಶ್ರೀ ಅವರು 1926ರಲ್ಲಿ ಆ ಕಾವ್ಯವನ್ನು ಗ್ರೀಕರ ಮಾದರಿಯ ರುದ್ರನಾಟಕವಾಗಿಸಿದ್ದು ಸುಮ್ಮನೆ ಅಲ್ಲ. ಎಲ್ಲವನ್ನೂ ಕಳೆದುಕೊಳ್ಳುತ್ತ ಹೋದಂತೆ ದುರ್ಯೋಧನನ ಮನಸ್ಸು ಅಗಲವಾಗುತ್ತದೆ. ಮ್ಯಾಕ್‌ಬೆತ್ ಎಲ್ಲವನ್ನೂ ಪಡೆಯುತ್ತ ಹೋಗಿ ಕಿರಿದಾಗುತ್ತಾನೆ. ತಾಲೀಮಿನಲ್ಲಿ ಒಂದು ಸಂಜೆ ನಿಮ್ಮ ಮ್ಯಾಕ್‌ಬೆತ್‌ನಿಂದ ಕರ್ಣನಿಗಾಗಿ ಅಳುವ ದುರ್ಯೋಧನನನ್ನು ಆಡಿಸಿ. ಕಣ್ಣೀರು ಒರೆಸಿಕೊಳ್ಳುವ ಮೊದಲೇ ಹೆಂಡತಿಯ ಸಾವಿನ ಸುದ್ದಿಯನ್ನು ಹೇಳಿಸಿ. ವ್ಯತ್ಯಾಸ ಅವನ ಮೈಗೇ ಗೊತ್ತಾಗುತ್ತದೆ.

ರಂಗಕ್ಕೆ ಸಂಬಂಧಿಸಿದ ಕೆಲವು ಮಾತು

ಡಂಕನ್‌ನ ಕೊಲೆ ರಂಗದ ಮೇಲೆ ನಡೆಯುವುದಿಲ್ಲ, ನಡೆಸಲೂ ಬೇಡಿ. ನಮ್ಮ ಮದ್ದಳೆಯವರಿಗೆ ಕೊಲೆ ಎಂದೊಡನೆ ಕೈ ತುರಿಸುತ್ತದೆ. ಅವರಿಗೆ ಮೊದಲೇ ಹೇಳಿ, ಕೊಲೆಯ ಹೊತ್ತಿನಲ್ಲಿ ಪೂರ್ಣ ಮೌನ. ಆಮೇಲೆ ಬಾಗಿಲು ಬಡಿಯುವ ಸದ್ದನ್ನು ಮದ್ದಳೆಯ ಮೇಲೆಯೇ ತರಲಿ. ಯಕ್ಷಗಾನದ ಜಾಡಿನಲ್ಲಿ ಈ ನಾಟಕವನ್ನು ಬಿ.ವಿ. ಕಾರಂತರು 1979ರಲ್ಲಿ 'ಬರ್ನಂ ವನ' ಎಂದು ಹಿಂದಿಯಲ್ಲಿ ಆಡಿಸಿದ್ದರು. ಹಾಗಾಗಿ ಬಯಲಾಟದ ಕಸುಬನ್ನು ಇದಕ್ಕೆ ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಔತಣದ ದೃಶ್ಯದಲ್ಲಿ ಬ್ಯಾಂಕೊನ ಪ್ರೇತವನ್ನು ತರಬೇಕೇ? 1623ರ ಮುದ್ರಣದಲ್ಲಿ ಪ್ರೇತದ ಪ್ರವೇಶವಿದೆ. ಸುಣ್ಣ ಬಳಿದುಕೊಂಡು ಬಂದ ಪ್ರೇತಕ್ಕೆ ಹಳ್ಳಿಯಲ್ಲಿ ಶಿಳ್ಳೆ ಬೀಳುವುದನ್ನು ಕಂಡ ಮೇಲೆ ನಾನು ಖಾಲಿ ಮಣೆಯನ್ನೇ ಇಡಿಸುತ್ತೇನೆ. ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿಸಿ, ಒಂದು ಮಣೆ ಬಿಡಿ. ಪಂಕ್ತಿ ತುಂಬಿದೆಯಲ್ಲ ಎನ್ನುತ್ತಾನೆ ಮ್ಯಾಕ್‌ಬೆತ್. ಅತಿಥಿ ಉಣ್ಣುವಾಗ ಎದ್ದು ಹೋಗಿದ್ದವನಿಗೆ ಈಗ ತನ್ನ ಮನೆಯ ಪಂಕ್ತಿಯಲ್ಲೇ ಜಾಗವಿಲ್ಲ. ಮೂಲೆಯಲ್ಲಿ ಹಾಕಿದ್ದ ಗುರುತು ಇಲ್ಲಿಗೆ.

ಔತಣ ಮುರಿದು, ಮತ್ತೆ ಆ ಹೆಂಗಸರನ್ನು ಕಂಡು ಬಂದ ಮೇಲೆ ಅವನು ಸತತ ನಾಲ್ಕು ದೃಶ್ಯಗಳಲ್ಲಿ ಕಾಣಿಸುವುದಿಲ್ಲ. ನಟ ಈ ಬಿಡುವಿನಲ್ಲಿ ಚಹಾ ಕುಡಿಯಲು ಹೋಗದಿರಲಿ. ತಿರುಗಿ ಬರುವಾಗ ಅವನು ಮುದುಕನಾಗಿರಬೇಕು. ಗೌರವ, ಪ್ರೀತಿ, ಗೆಳೆಯರ ಗುಂಪು ಇವೊಂದೂ ನನಗಿಲ್ಲ, ಒಳಗೊಳಗೇ ಶಪಿಸುವವರಷ್ಟೇ ಇದ್ದಾರೆ ಎಂದು ಹೇಳುವ ದೃಶ್ಯ ಅದು. ಆ ಮಾತನ್ನು ಕೇಳಲು ಪಕ್ಕದಲ್ಲಿ ಯಾರೂ ಇರದಂತೆ ನೋಡಿಕೊಳ್ಳಿ.

ಕೊನೆಯ ಕಾಳಗಕ್ಕೆ ಹೆಚ್ಚು ತಾಲೀಮು ಬೇಕು. ಎಲ್ಲ ತಂಡಗಳೂ ಅದನ್ನು ಕತ್ತಿವರಸೆಯಾಗಿ ಮುಗಿಸುತ್ತವೆ. ಆದರೆ ಮ್ಯಾಕ್‌ಡಫ್ ಎದುರಾದಾಗ ಮ್ಯಾಕ್‌ಬೆತ್ ಮೊದಲು ಹೇಳುವುದು, ನಿನ್ನವರ ರಕ್ತ ಈಗಾಗಲೇ ನನ್ನ ಮೇಲೆ ಬೇಕಾದಷ್ಟಿದೆ, ಹಿಂದಕ್ಕೆ ಹೋಗು ಎಂದು. ಹೆಣ್ಣಿನಿಂದ ಹುಟ್ಟಿದವನಿಂದ ನಿನಗೆ ಸಾವಿಲ್ಲ ಎಂದಿದ್ದ ಭವಿಷ್ಯವೇ ಅವನ ಕೊನೆಯ ಆಸರೆ. ಮ್ಯಾಕ್‌ಡಫ್ ತಾಯ ಹೊಟ್ಟೆ ಸೀಳಿ ತೆಗೆದ ಮಗು ಎಂದು ತಿಳಿದಾಗ ಅದೂ ಕೈಬಿಡುತ್ತದೆ. ನಿನ್ನೊಡನೆ ಕಾದಲಾರೆ ಎನ್ನುತ್ತಾನೆ. ಹಾಗಾದರೆ ಶರಣಾಗು, ಜನ ನೋಡಿ ನಗಲಿ ಎಂಬ ಉತ್ತರ ಬಂದ ಮೇಲೆ ಗುರಾಣಿ ಎತ್ತುತ್ತಾನೆ. ಮನಸ್ಸಿಗೂ ಕೈಗೂ ನಡುವೆ ಇದ್ದ, ಎರಡನೆಯ ಅಂಕದ ಬೆಳಗ್ಗೆ ಕಳೆದುಹೋಗಿದ್ದ ಆ ಅಂತರ ಇಲ್ಲಿ ಒಂದಿಷ್ಟು ಹೊತ್ತು ಮರಳಿ ಬಂದಿದೆ. ನಟನಿಗೆ ಅಲ್ಲಿ ನಾಲ್ಕೈದು ಉಸಿರಿನಷ್ಟು ಸಮಯ ಕೊಡಿ, ಕತ್ತಿ ಕೆಳಗಿರಲಿ. ಮದ್ದಳೆಯವರು ಅಷ್ಟು ಹೊತ್ತೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಗುರಾಣಿ ಎತ್ತುವುದನ್ನು ಕಣ್ಣಾರೆ ಕಂಡ ಮೇಲೆಯೇ ಮೊದಲ ಪೆಟ್ಟು ಹಾಕಬೇಕು.